ಆನ್‌ಲೈನ್ ಅಂಗಡಿಯೂ ಸರಕುಗಳ ಪಟ್ಟಿಯೂ

ರೈತನು ತಾನು ಬೆಳೆದ ಪದಾರ್ಥವನ್ನು ತಾನೇ ನೇರವಾಗಿ ಬಳಕೆದಾರನಿಗೆ ಮಾರಬೇಕೆಂಬ ಮಾತು ನಮ್ಮ ಗ್ರಾಮಗಳಲ್ಲಿ ಬಹುಕಾಲದಿಂದಲೂ ಕೇಳಿಬರುತ್ತಲಿದೆ. ಈಗ ಮೊಬೈಲಿನ ಮೂಲಕವೇ ಅಂಗಡಿಯನ್ನು ತೆರೆಯುವ ಅನುಕೂಲವಿರುವುದರಿಂದ, ಹಲವು ಗ್ರಾಮಗಳ ಮುಖ್ಯಸ್ಥರೂ ಹಿಡುವಳಿದಾರರೂ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟಿಕೊಂಡು ಈ ಕಾರ್ಯಕ್ಕೆ ಕೈಹಾಕಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅಂಗಡಿಯ ಹೆಸರು, ಚಿಹ್ನೆ, ಬಣ್ಣ ಇವುಗಳಿಗೆ ಕೊಡುವಷ್ಟು ಗಮನವನ್ನು ಸರಕುಗಳ ಪಟ್ಟಿಗೆ ಕೊಡದಿರುವವರು ಅನೇಕರುಂಟು. ಆನ್‌ಲೈನ್ ವ್ಯಾಪಾರದಲ್ಲಿ ಪಟ್ಟಿಯೇ ಮುಖ್ಯವೆಂತಲೂ, ಅದನ್ನು ಸತ್ಯವಾಗಿಯೂ ಸಮಗ್ರವಾಗಿಯೂ ಸಿದ್ಧಪಡಿಸುವವರೆಗೆ ಅಂಗಡಿಯನ್ನು ತೆರೆಯದಿರುವುದೇ ಮೇಲೆಂತಲೂ ನನ್ನ ಅಭಿಪ್ರಾಯ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಸಂತೆಯಲ್ಲಾಗಲಿ ಮಂಡಿಯಲ್ಲಾಗಲಿ ಕೊಳ್ಳುವವನು ರಾಶಿಗೆ ಕೈಹಾಕಿ, ಒಂದು ಹಿಡಿ ತೆಗೆದು, ಮುರಿದು, ಮೂಸಿ, ಬಾಯಿಗೆ ಹಾಕಿಕೊಂಡು ನೋಡಿ ಬೆಲೆ ಹೇಳುತ್ತಾನೆ. ಆನ್‌ಲೈನ್ ಅಂಗಡಿಯಲ್ಲಿ ಇದಾವುದಕ್ಕೂ ಅವಕಾಶವಿಲ್ಲ. ಪಟ್ಟಿಯಲ್ಲಿರುವ ಮಾತುಗಳನ್ನೂ ಅಂಕಿಗಳನ್ನೂ ಚಿತ್ರವನ್ನೂ ನಂಬಿಯೇ ಅವನು ಹಣವನ್ನು ಕೊಡಬೇಕು.

ದೂರದ ವ್ಯಾಪಾರದ ಈ ಧರ್ಮವು ಹೊಸದೇನೂ ಅಲ್ಲ. 1872ರಲ್ಲಿ ಅಮೆರಿಕದ ಷಿಕಾಗೋ ನಗರದ ಆರನ್ ಮಾಂಟ್ಗೊಮೆರಿ ವಾರ್ಡ್ ಎಂಬ ವರ್ತಕನು ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚುಹಾಕಿಸಿ, ಹಳ್ಳಿಗಳ ರೈತರಿಗೆ ಅಂಚೆಯ ಮೂಲಕ ವ್ಯಾಪಾರವನ್ನು ಪ್ರಾರಂಭಿಸಿದನು. ಸರಕು ಒಪ್ಪಿಗೆಯಾಗದಿದ್ದರೆ ಹಣವನ್ನು ಹಿಂದಿರುಗಿಸುವೆನೆಂದು 1875ರಲ್ಲಿ ವಾಗ್ದಾನವನ್ನೂ ಮಾಡಿದನು. ಅವನ ಮುಖವನ್ನೇ ಕಾಣದ ರೈತರು ಆ ಪಟ್ಟಿಯನ್ನೂ ಆ ಮಾತನ್ನೂ ನಂಬಿ ಕೊಂಡರು. ಅಂದು ರೈತನು ಕೊಳ್ಳುವವನಾಗಿದ್ದನು. ಇಂದು ಅವನೇ ಮಾರುವವನಾಗಿರುವನು. ವ್ಯತ್ಯಾಸವಿಷ್ಟೇ.

ಪಟ್ಟಿಯು ಹೇಗಿರಬೇಕೆಂಬುದಕ್ಕೆ ಬ್ಯಾಡಗಿ ಮೆಣಸಿನಕಾಯಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಉತ್ತಮವಾದ ಬ್ಯಾಡಗಿ ಮೆಣಸಿನಕಾಯಿ’ ಎಂದಿಷ್ಟೇ ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಅದು ಉದ್ದನೆಯ ಸುಕ್ಕುಗಟ್ಟಿದ ಕಡ್ಡಿಯೋ, ಗಿಡ್ಡನೆಯ ದುಂಡಾದ ಡಬ್ಬಿಯೋ. ಯಾವ ವರ್ಷದ ಫಸಲು. ತೊಟ್ಟು ಸಹಿತವಾದದ್ದೋ, ತೊಟ್ಟು ತೆಗೆದದ್ದೋ. ಪೊಟ್ಟಣದ ನಿವ್ವಳ ತೂಕವೆಷ್ಟು. ಸಾಗಣೆಯ ವೆಚ್ಚವೂ ಸೇರಿ ಬೆಲೆಯೆಷ್ಟು. ಎಷ್ಟು ದಿನಗಳಲ್ಲಿ ತಲಪುತ್ತದೆ—ಇವೆಲ್ಲವೂ ಇರತಕ್ಕದ್ದು. ಬಣ್ಣದ ಪ್ರಮಾಣವನ್ನು ಆಸ್ಟಾ ಎಂಬ ಮಾನದಿಂದ ಪರೀಕ್ಷೆ ಮಾಡಿಸಿದ್ದರೆ ಆ ಅಂಕಿಯನ್ನೂ ಕಾಣಿಸಬಹುದು. ಚಿತ್ರವು ಅದೇ ರಾಶಿಯದಾಗಿ, ಹಗಲು ಬೆಳಕಿನಲ್ಲಿ ತೆಗೆದದ್ದಾಗಿರಬೇಕು. ಎರವಲು ಚಿತ್ರವು ಸಲ್ಲದು. ಬಣ್ಣಗೆಟ್ಟ ಕಾಯಿಯಿದ್ದರೆ ಅದನ್ನು ಒಳ್ಳೆಯದರ ನಡುವೆ ಅಡಗಿಸದೆ, ಎರಡನೆಯ ದರ್ಜೆಯೆಂದು ಬರೆದು ಅದಕ್ಕೆ ತಕ್ಕ ಬೆಲೆಗೆ ಮಾರಬೇಕು. ಪ್ರತಿಯೊಂದು ಸರಕಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಚೀಲದ ಮೇಲೆಯೂ ಅದನ್ನೇ ಬರೆದರೆ, ದೂರು ಬಂದಾಗ ಅದು ಯಾರ ಕಣದಿಂದ ಬಂದ ಮಾಲೆಂಬುದು ತಿಳಿಯುತ್ತದೆ. ದಾಸ್ತಾನನ್ನು ದಿನದಿನವೂ ತಿದ್ದಲು ಒಬ್ಬನನ್ನು ನೇಮಿಸುವುದು ಅವಶ್ಯ. ಉಗ್ರಾಣದಲ್ಲಿಲ್ಲದ್ದನ್ನು ಪಟ್ಟಿಯಲ್ಲಿ ಉಂಟೆಂದು ತೋರಿಸುವುದು ಸುಳ್ಳು ಹೇಳಿದಂತೆಯೇ ಆಗುತ್ತದೆ.

ಎಲ್ಲ ಸರಕೂ ಈ ವ್ಯಾಪಾರಕ್ಕೆ ಒಗ್ಗುವುದಿಲ್ಲವೆಂಬುದನ್ನೂ ಗಮನಿಸಬೇಕು. ಒಂದು ಕಿಲೋ ಟೊಮೇಟೊವನ್ನೂ ಒಂದು ಕಿಲೋ ಏಲಕ್ಕಿಯನ್ನೂ ಸಾಗಿಸಲು ತಗಲುವ ವೆಚ್ಚದಲ್ಲಿ ಹೆಚ್ಚು ಭೇದವಿಲ್ಲ. ಬೆಲೆಯಲ್ಲಿ ಬಹಳ ಭೇದವುಂಟು. ಮೆಣಸು, ಏಲಕ್ಕಿ, ಒಣಮೆಣಸಿನಕಾಯಿ, ಕಲಬುರಗಿಯ ತೊಗರಿಬೇಳೆ ಮುಂತಾದ ಒಣಗಿದ, ಕೆಡದ, ಹೆಸರುವಾಸಿಯಾದ ಪದಾರ್ಥಗಳು ವೆಚ್ಚವನ್ನು ತಡೆದಾವು. ಸೊಪ್ಪು ತರಕಾರಿಗಳನ್ನು ಹತ್ತಿರದ ಪಟ್ಟಣಕ್ಕಷ್ಟೇ ಇಟ್ಟುಕೊಳ್ಳುವುದು ವಿವೇಕ. ಹೆಚ್ಚಿನ ಮಾಲಿಗೆ ಮಂಡಿಯು ಇದ್ದೇ ಇದೆ. ಅದನ್ನು ತೊರೆಯಬೇಕೆಂದು ನಾನು ಹೇಳುವುದಿಲ್ಲ.

ಕಾನೂನು ಸಹ ಇದೇ ಮಾತನ್ನು ಹೇಳುತ್ತದೆ. ಪೊಟ್ಟಣ ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇವುಗಳನ್ನು ಆನ್‌ಲೈನ್ ಪಟ್ಟಿಯಲ್ಲಿಯೂ ಕಾಣಿಸಬೇಕೆಂಬ ನಿಯಮವು 2018ರ ಜನವರಿ 1ರಿಂದ ಜಾರಿಯಲ್ಲಿದೆ. ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರುವವನು ನಿರಾಕರಿಸಕೂಡದೆಂದು 2020ರ ಗ್ರಾಹಕ ಸಂರಕ್ಷಣಾ ನಿಯಮಗಳು ವಿಧಿಸುತ್ತವೆ. ಆಹಾರಪದಾರ್ಥವನ್ನು ಪೊಟ್ಟಣ ಮಾಡಿ ಮಾರುವ ಸಂಸ್ಥೆಯು ಎಫ್.ಎಸ್.ಎಸ್.ಎ.ಐ. 14 ಅಂಕಿಗಳ ಸಂಖ್ಯೆಯನ್ನು ಪಡೆದಿರಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವುದರಿಂದ, ಬೇರೆ ಸೀಮೆಯ ಕಾಯಿಯನ್ನು ಆ ಹೆಸರಿನಿಂದ ಮಾರುವುದು ಅಪರಾಧ. ‘ಸಾವಯವ’ ಎಂಬ ಮಾತನ್ನು ಸಹ ಪ್ರಮಾಣಪತ್ರವು ಕೈಸೇರುವವರೆಗೆ ಬರೆಯದಿರುವುದೇ ಲೇಸು.

ಪೇಟೆಯವರೆಲ್ಲ ತಂತಮ್ಮ ಮಾಲನ್ನು ಹೊಗಳಿಕೊಳ್ಳುತ್ತಿರುವಾಗ ನಾವು ಮಾತ್ರ ಕುಂದನ್ನೂ ಬರೆದರೆ ಕೊಳ್ಳುವವರಾರೆಂದು ಕೆಲವರು ಕೇಳಬಹುದು. ಹೊಗಳಿಕೆಯಿಂದ ಮೊದಲನೆಯ ಮೂಟೆ ಮಾರಾಟವಾದೀತು, ಎರಡನೆಯದು ಆಗಲಾರದು. ಕೊಂಡವನ ಅಭಿಪ್ರಾಯವು ಸರಕಿನ ಕೆಳಗೆಯೇ ಎಲ್ಲರಿಗೂ ಕಾಣುವಂತೆ ನಿಲ್ಲುತ್ತದೆ. 2021ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಓ.ಎನ್.ಡಿ.ಸಿ. ಜಾಲದಲ್ಲಿ ಒಮ್ಮೆ ಸೇರಿಸಿದ ಪಟ್ಟಿಯು ಅನೇಕ ಆ್ಯಪ್‌ಗಳಲ್ಲಿ ಕಾಣಿಸುವುದಾದ್ದರಿಂದ, ಒಳ್ಳೆಯ ಹೆಸರೂ ಕೆಟ್ಟ ಹೆಸರೂ ಒಂದೇ ವೇಗದಲ್ಲಿ ಹರಡುತ್ತವೆ.

ಗ್ರಾಮದ ಮುಖ್ಯಸ್ಥರಲ್ಲಿಯೂ ದೊಡ್ಡ ಹಿಡುವಳಿದಾರರಲ್ಲಿಯೂ ಮುಖ್ಯವಾಗಿ ವಿಜ್ಞಾಪಿಸಬೇಕಾದ್ದು ಇನ್ನೊಂದುಂಟು. ಐವತ್ತು ಎಕರೆಯವನು ಒಂಟಿಯಾಗಿಯೂ ಅಂಗಡಿಯನ್ನು ನಡೆಸಬಲ್ಲನು. ಒಂದೆರಡು ಎಕರೆಯವನು ನಡೆಸಲಾರನು. ಅವನ ಮಾಲು ಊರಿನ ಸಾಮಾನ್ಯ ಅಂಗಡಿಯಲ್ಲಿ ಸೇರಬೇಕಾದರೆ ದರ್ಜೆಯ ಅಳತೆಯು ಎಲ್ಲರಿಗೂ ಒಂದೇ ಆಗಿರಬೇಕು. ಯಜಮಾನರ ಮನೆಯ ಮೂಟೆಯಾದರೂ ಅಳತೆಗೆ ನಿಲ್ಲದಿದ್ದರೆ ಹಿಂದಕ್ಕೆ ಹೋಗಬೇಕು. ಬಡವನ ಮೂಟೆ ನಿಂತರೆ ಮೊದಲನೆಯ ದರ್ಜೆಯಲ್ಲಿಯೇ ಸೇರಬೇಕು. ದಾಕ್ಷಿಣ್ಯಕ್ಕಾಗಿ ಒಳಗೆ ಬಿಟ್ಟ ಒಂದು ಮೂಟೆಯಿಂದ ಇಡೀ ಊರಿನ ಹೆಸರು ಕೆಡುವುದು. ಇದಲ್ಲದೆ, ಆನ್‌ಲೈನ್ ಮಾರಾಟದ ಹಣವು ಕೈಸೇರಲು ಕೆಲವು ದಿನಗಳಾಗುವುದರಿಂದ, ಸಂಸ್ಥೆಯ ನಿಧಿಯಿಂದ ಸಣ್ಣ ರೈತನಿಗೆ ಮುಂಗಡವನ್ನು ಕೊಡುವ ಏರ್ಪಾಡಾಗಬೇಕು. ಹಾಗಾಗದಿದ್ದರೆ ಅವನು ಅಂದಿನ ಖರ್ಚಿಗಾಗಿ, ಸಾಲ ಕೊಟ್ಟ ವರ್ತಕನಿಗೇ ಮಾಲನ್ನು ಹಾಕುವನು. ಅಂಗಡಿಯು ಉಳ್ಳವರದು ಮಾತ್ರವಾಗಿ ಉಳಿಯುವುದು.

ಆದಕಾರಣ, ಮೊದಲ ಸುಗ್ಗಿಗೆ ಐದೇ ಸರಕುಗಳನ್ನು ಆರಿಸಿಕೊಂಡು, ಅವುಗಳ ಪಟ್ಟಿಯನ್ನು ಊರಿನವರೆಲ್ಲರ ಎದುರಿನಲ್ಲಿ ಓದಿಸಿ, ಅದರಲ್ಲಿ ಬರೆದದ್ದು ಉಗ್ರಾಣದಲ್ಲಿರುವುದಕ್ಕೆ ಸರಿಹೋಗುತ್ತದೆಂದು ಎಲ್ಲರೂ ಒಪ್ಪಿದ ಮೇಲೆ ಅಂಗಡಿಯನ್ನು ತೆರೆಯತಕ್ಕದ್ದು. ಒಂದು ವರ್ಷ ಹಿಂದಕ್ಕೆ ಬಂದ ಮಾಲಿನ ಲೆಕ್ಕವನ್ನು ನೋಡಿ, ಅನಂತರ ಆರನೆಯ ಸರಕನ್ನು ಸೇರಿಸುವ ಆಲೋಚನೆಯನ್ನು ಮಾಡಬಹುದು. ಗ್ರಾಮಹಿತೈಷಿಗಳು ಮುಂದಿನ ಸುಗ್ಗಿಗೆ ಮುಂಚಿತವಾಗಿಯೇ ಈ ಕಾರ್ಯವನ್ನು ಕೈಗೊಳ್ಳುವರೆಂದು ನಂಬಿರುತ್ತೇನೆ.