ಹಲ್ಲು ಕಿತ್ತ ಹಾವು!

ಹೋದ ತಿಂಗಳು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಅಭಿಮಾನಿ ಮಿತ್ರನೊಬ್ಬ ಸಿಕ್ಕಿದ. ಮುಖ ಬಾಡಿತ್ತು. 'ಏನಯ್ಯಾ, ಟಿಕೆಟ್ ಸಿಗಲಿಲ್ವಾ?' ಅಂದೆ. 'ಟಿಕೆಟ್ ವಿಷಯ ಅಲ್ಲ ಸಾರ್, ಒಬ್ಬನ ಮನೆ ಹಾಳು ಮಾಡಿಬಿಟ್ಟೆ' ಅಂದ.

ನಡೆದದ್ದು ಇಷ್ಟು. ಅವರ ಸಂಘದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಲಿಂಕ್ ಎಸೆದರು. 'ಹೊಸ ಚಿತ್ರ, ಪೂರ್ತಿ, ಪುಕ್ಕಟೆ!' ಇದು ಮೋಸ ಅಂತ ನಮ್ಮ ಮಿತ್ರನಿಗೆ ತಕ್ಷಣ ಹೊಳೆಯಿತು. ಪಾಪ, ಒಳ್ಳೆ ಮನಸ್ಸು. ಇನ್ನೂ ನಾಲ್ಕು ಗುಂಪಿಗೆ 'ಎಚ್ಚರ! ಇದನ್ನು ಒತ್ತಬೇಡಿ' ಎಂದು ಬರೆದು, ಕೆಳಗೆ ಅದೇ ಲಿಂಕನ್ನು ಅಂಟಿಸಿದ! ಎಚ್ಚರಿಕೆ ಓದೋ ತಾಳ್ಮೆ ಯಾರಿಗಿದೆ ಸ್ವಾಮಿ? ನೀಲಿ ಅಕ್ಷರ ಕಂಡಿತು, ಹೆಬ್ಬೆರಳು ಇಳಿಯಿತು. ಒಬ್ಬ ಹುಡುಗ ಅಲ್ಲಿ ಸಿಕ್ಕ ಎಪಿಕೆ ಫೈಲನ್ನೂ ಫೋನಿಗೆ ಹಾಕಿಕೊಂಡು, ಅದು ಕೇಳಿದ್ದಕ್ಕೆಲ್ಲ 'ಸರಿ, ಸರಿ' ಅಂತ ಒತ್ತಿದ. ಅವನಿಗೆ ಬರೋ ಓಟಿಪಿ ಕಳ್ಳರ ಕೈ ಸೇರಿತು. ತಂಗಿಯ ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡು ಹೋಯಿತು.

1972ರಲ್ಲಿ ಪುಟ್ಟಣ್ಣನವರ 'ನಾಗರಹಾವು' ನೋಡಿ ಶಿಳ್ಳೆ ಹೊಡೆದವರ ಮೊಮ್ಮಕ್ಕಳು ನೀವು. ವಿಷ ಇರೋದು ಹಲ್ಲಲ್ಲಿ ಅಂತ ಹೇಳಬೇಕೇ? ಕಂಪ್ಯೂಟರ್ ಕಾವಲಿನವರು ಕೆಟ್ಟ ಲಿಂಕನ್ನು ಇನ್ನೊಬ್ಬರಿಗೆ ತೋರಿಸಬೇಕಾದಾಗ ಮೊದಲು ಅದರ ಹಲ್ಲು ಕೀಳುತ್ತಾರೆ. ಶುರುವಿನ ಎಚ್‌ಟಿಟಿಪಿಯಲ್ಲಿ ಎರಡು 'ಟಿ' ತೆಗೆದು ಎರಡು 'ಎಕ್ಸ್' ಹಾಕಿದರೆ ಎಚ್‌ಎಕ್ಸ್‌ಎಕ್ಸ್‌ಪಿ ಆಯಿತು. ಹೆಸರಿನ ನಡುವಿನ ಚುಕ್ಕಿಗೆ ಚೌಕ ಕಂಸದ ಬೇಲಿ: [.] ಹೀಗೆ. ಅಷ್ಟೇ! ಫೋನು ಆ ಅಕ್ಷರಗಳ ಆಕಾರ ನೋಡಿಯೇ ಲಿಂಕು ಅಂತ ಗುರುತು ಹಿಡಿಯೋದು. ಆಕಾರ ಕೆಟ್ಟರೆ ನೀಲಿ ಬಣ್ಣವಿಲ್ಲ, ಒತ್ತಿದರೂ ಬಾಗಿಲು ತೆರೆಯೋದಿಲ್ಲ. ಆದರೆ ವಿಳಾಸ ಏನೆಂದು ಓದಿದವರಿಗೆ ತಿಳಿಯುತ್ತದೆ.

ಬರೀ ಎಕ್ಸ್ ಹಾಕಿ ಚುಕ್ಕಿ ಮರೆತರೆ ಪ್ರಯೋಜನವಿಲ್ಲ. 'ಡಾಟ್ ಕಾಂ' ಆಕಾರ ಕಂಡರೇ ಸಾಕು, ಎಷ್ಟೋ ಫೋನು ಮತ್ತೆ ನೀಲಿ ಬಳಿಯುತ್ತವೆ. ಚುಕ್ಕಿಯೇ ಮುಖ್ಯ ಗುರುವೇ. ಕಳಿಸೋ ಮುಂಚೆ ನಿಮ್ಮ ನಂಬರಿಗೇ ಒಮ್ಮೆ ಕಳಿಸಿ ನೋಡಿಕೊಳ್ಳಿ. 'ಲಿಂಕ್ ಬೇಕೆಂದೇ ಮುರಿದಿದ್ದೇನೆ' ಅಂತ ಒಂದು ಸಾಲನ್ನೂ ಸೇರಿಸಿ. ಇಲ್ಲದಿದ್ದರೆ ಯಾರೋ ಪುಣ್ಯಾತ್ಮ 'ತಪ್ಪಾಗಿದೆ ಬ್ರದರ್' ಎಂದು ಸರಿಮಾಡಿ ಹಂಚುತ್ತಾನೆ!

ಕಳ್ಳರೂ ಇದೇ ಆಟ ಆಡುತ್ತಾರೆ. ಚುಕ್ಕಿ ಮುರಿದು 'ಸೇರಿಸಿಕೊಂಡು ನೋಡಿ' ಅಂತಾರೆ. ಎಚ್ಚರಿಸೋನು ಮುರಿಯೋದು ನೀವು ಹೋಗದಿರಲಿ ಅಂತ, ಕಳ್ಳ ಮುರಿಯೋದು ಜರಡಿಯಿಂದ ತಪ್ಪಿಸಿಕೊಳ್ಳಲಿಕ್ಕೆ. ಸೇರಿಸು ಅಂದವನನ್ನು ನಂಬಬೇಡಿ. (ಥಿಯೇಟರಿನಲ್ಲಿ ಕದ್ದು ಚಿತ್ರ ತೆಗೆದವನಿಗೆ 2023ರ ತಿದ್ದುಪಡಿಯಂತೆ 3 ತಿಂಗಳಿಂದ 3 ವರ್ಷದವರೆಗೆ ಜೈಲು. ಆ ಕದ್ದ ಮಾಲಿನ ಆಸೆಯೇ ಇಲ್ಲಿ ಗಾಳ.)

ಪೊಲೀಸರಿಗೆ ಮಾತ್ರ ವಿಳಾಸ ಒಂದಕ್ಷರ ಬಿಡದೆ ಇದ್ದದ್ದು ಇದ್ದಹಾಗೇ ಕೊಡಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಆ ಹುಡುಗ ನಾಚಿಕೆಯಿಂದ ಎರಡು ದಿನ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಮಿತ್ರ ಈಗ ನಾಲ್ಕೂ ಗುಂಪಿಗೆ ಹಲ್ಲು ಕಿತ್ತ ಲಿಂಕಿನ ಜೊತೆ ಹೊಸ ಎಚ್ಚರಿಕೆ ಕಳಿಸಿದ್ದಾನೆ. ಆ ಹುಡುಗನ ಮನೆಗೆ ಮಾತ್ರ ಇನ್ನೂ ಹೋಗಿಲ್ಲ.