ಹಳೆ ಗಾಡಿ, ದೂರದ ದಾರಿ: ನಿಂಬೆಹಣ್ಣಿಗಿಂತ ಮೊದಲು ಬ್ರೇಕು

ಧರ್ಮಸ್ಥಳದ ದರ್ಶನಕ್ಕೋ, ಬೀಗರ ಮನೆಯ ಮದುವೆಗೋ, ಮಕ್ಕಳ ರಜೆಗೋ ಬೇವೂರಿನ ಒಂದು ಮನೆಯಿಂದ ಕಾರು ಹೊರಡುತ್ತದೆ ಎಂದರೆ ಓಣಿಗೆಲ್ಲ ಸಡಗರ. ಗಾಡಿ ತೊಳೆಯುತ್ತಾರೆ. ಮಾಲೆ ಹಾಕುತ್ತಾರೆ. ಗಾಲಿಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆಯುತ್ತಾರೆ. ಬುತ್ತಿಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಎಲ್ಲವೂ ಇರುತ್ತದೆ. ಕೊರತೆ ಇರುವುದು ಬಾನೆಟ್ಟಿನ ಕೆಳಗೆ. ನಿಂಬೆಹಣ್ಣಿನ ಮೇಲೆ ಹತ್ತಿಸಿದ ಆ ಟೈರು ಯಾವ ವರ್ಷದ್ದು ಎಂದು ಕೇಳಿದರೆ ಬಹಳ ಮಾಲೀಕರು ತಲೆ ಕೆರೆದುಕೊಳ್ಳುತ್ತಾರೆ. "ಗಟ್ಟಿ ಐತ್ರಿ, ಏನೂ ಆಗೂದಿಲ್ಲ" ಎಂಬುದೊಂದೇ ಉತ್ತರ.

ಪೂಜೆ ಬೇಡವೆಂದು ಯಾರೂ ಹೇಳುವುದಿಲ್ಲ. ಪೂಜೆಗಿಂತ ಮೊದಲು ಮಿಸ್ತ್ರಿಯ ಕೈ ಒಮ್ಮೆ ಗಾಡಿಯ ಮೇಲೆ ಆಡಲಿ ಎಂಬುದಷ್ಟೇ ಮಾತು.

ಹಳೆಯ ಗಾಡಿ ಇಟ್ಟುಕೊಂಡವರನ್ನು ಹೀಗಳೆಯುವುದೂ ಸಲ್ಲದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಕಿರಾಣಿ ಅಂಗಡಿಯವರು, ಸೀರೆ ವ್ಯಾಪಾರಿಗಳು, ಎರಡು ಎಕರೆ ಹೊಲದ ರೈತರು ಲಕ್ಷಗಟ್ಟಲೆ ಸುರಿದು ಹೊಸ ಕಾರು ತರುವ ಸ್ಥಿತಿಯಲ್ಲಿ ಇಲ್ಲ. ಕೈಯಿಂದ ಕೈಗೆ ಬಂದ ಗಾಡಿಯೇ ಅವರ ಪಾಲಿನ ಐಶ್ವರ್ಯ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ಬಾಗಿಲು ಹಾಕಿ ಅಂಬಾಸಡರ್ ಕೂಡ ಮುಗಿಯಿತು. ಓಮ್ನಿ ಮತ್ತು ಸುಮೋ 2019ರಲ್ಲಿ ನಿಂತವು. ತಯಾರಿಕೆ ನಿಂತರೂ ಗಾಡಿ ಓಡುವುದು ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹಳೆಯ ಗಾಡಿ ಅಪಾಯವಲ್ಲ. ನೋಡಿಕೊಳ್ಳದ ಗಾಡಿ ಅಪಾಯ.

ಹಿಂದಿನ ರಾತ್ರಿಯ ರೋಗ

ದಿನಾ ಬಸ್ಸಿಗೆ ಹೋಗುವವರು ಬಸ್ಸಿಗೆ ಎಷ್ಟೇ ಬೈಯಲಿ, ಆ ಬಸ್ಸಿಗೊಂದು ಡಿಪೋ ಇದೆ. ಓಡಿ ಬಂದ ಗಾಡಿಯ ಗಾಳಿ, ಎಣ್ಣೆ, ಬ್ರೇಕು ನೋಡಲು ಅಲ್ಲಿ ಸಂಬಳದ ಮಂದಿ ಇದ್ದಾರೆ. ಚಾಲಕ ದೂರು ಬರೆದರೆ ಅದನ್ನು ನೋಡುವ ಮೆಕ್ಯಾನಿಕ್ ಇದ್ದಾನೆ. ಸ್ವಂತ ಕಾರಿಗೆ ಡಿಪೋ ಎಲ್ಲಿಂದ ಬರಬೇಕು? ಮಾಲೀಕನೇ ಡಿಪೋ ಮ್ಯಾನೇಜರ್, ಮಾಲೀಕನೇ ಚಾಲಕ. ಅವನು ಮೈಮರೆತರೆ ಕೇಳುವವರಿಲ್ಲ.

ಇಲ್ಲಿನ ದೊಡ್ಡ ರೋಗವೆಂದರೆ ಹೊರಡುವ ಹಿಂದಿನ ರಾತ್ರಿ ಗ್ಯಾರೇಜಿಗೆ ಓಡುವುದು. "ಅಣ್ಣಾ, ಮುಂಜಾನೆ ನಾಲ್ಕಕ್ಕ ಬಿಡಬೇಕು, ಒಂಚೂರು ನೋಡಿಬಿಡು" ಎಂದರೆ ಮಿಸ್ತ್ರಿಯಾದರೂ ಏನು ಮಾಡಿಯಾನು? ಆಯಿಲ್ ನೋಡುತ್ತಾನೆ, ಗಾಳಿ ಹಾಕುತ್ತಾನೆ, ಮುಗಿಯಿತು. ತಯಾರಿಕೆ ನಿಂತ ಗಾಡಿಯ ಸಾಮಾನು ಕೇಳಿದ ಕೂಡಲೇ ಸಿಗುವುದಿಲ್ಲ. ಬೇರೆ ಊರಿನಿಂದ ತರಿಸಬೇಕು, ಅಸಲಿಯೋ ನಕಲಿಯೋ ನೋಡಬೇಕು. ಆದ್ದರಿಂದ ಹದಿನೈದು ದಿನ ಮೊದಲೇ ಗಾಡಿ ಗ್ಯಾರೇಜು ಕಾಣಬೇಕು. ಕೆಲಸ ಮುಗಿದ ಮೇಲೆ ಬೇವೂರಿನಿಂದ ಬಾದಾಮಿಗೋ ಕೂಡಲಸಂಗಮಕ್ಕೋ ಒಮ್ಮೆ ಹೋಗಿ ಬರಬೇಕು. ಬನಶಂಕರಿಯ ದರ್ಶನವೂ ಆಯಿತು, ಗಾಡಿಯ ಪರೀಕ್ಷೆಯೂ ಆಯಿತು. ಮರಳಿ ಬಂದು ನಿಲ್ಲಿಸಿದ ಕಡೆ ನೆಲಕ್ಕೆ ಎಣ್ಣೆ ತೊಟ್ಟಿಕ್ಕಿದೆಯೇ, ನೀರು ಕಡಿಮೆಯಾಗಿದೆಯೇ, ಯಾವುದಾದರೂ ಗಾಲಿ ಮುಟ್ಟಲಾಗದಷ್ಟು ಬಿಸಿಯಾಗಿದೆಯೇ ಎಂದು ನೋಡಿದರೆ ಅರ್ಧ ರೋಗ ಮನೆ ಮುಂದೆಯೇ ಗೊತ್ತಾಗುತ್ತದೆ.

ಬಯಲಿನ ಗಾಡಿ, ಘಟ್ಟದ ಇಳಿಜಾರು

ಮುಖ್ಯ ಮಾತು ಒಂದಿದೆ. ಬೇವೂರಿನ ಸುತ್ತ ಊರೂರು ತಿರುಗಿ "ಚಲೋ ಐತಿ" ಎನಿಸಿಕೊಂಡ ಗಾಡಿ ದೂರದ ದಾರಿಗೂ ಚಲೋ ಎಂದು ಅರ್ಥವಲ್ಲ. ಇಲ್ಲಿಯದು ಬಯಲು ನೆಲ. ಬ್ರೇಕಿನ ಮೇಲೆ ಸತತವಾಗಿ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ಧರ್ಮಸ್ಥಳದ ದಾರಿ ನಾನೂರು ಕಿಲೋಮೀಟರ್ ದಾಟುತ್ತದೆ, ನಡುವೆ ಘಟ್ಟ ಇಳಿಯಬೇಕು. ಶ್ರೀಶೈಲಕ್ಕೆ ಹೋದರೆ ನಲ್ಲಮಲ ಕಾಡಿನ ತಿರುವು, ತಿರುಪತಿಗೆ ಹೋದರೆ ಬೆಟ್ಟ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದ ಆಯಿಲ್ ಇಳಿಜಾರಿನ ಬಿಸಿಗೆ ಕುದಿದು ಒಳಗೆ ಗುಳ್ಳೆ ಏಳುತ್ತದೆ. ಆಗ ಪೆಡಲ್ ತುಳಿದರೆ ಅರಳಿ ತುಳಿದಂತೆ ಕಾಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಿಸುವುದು ಖರ್ಚಿನ ಕೆಲಸವೇನೂ ಅಲ್ಲ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಪೆಟ್ರೋಲ್ ಉಳಿಸಲು ಇಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಬಿಡುವ ಚಾಳಿ ಜೀವಕ್ಕೇ ಮುಳುವು. ಇಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರೂ ಸ್ವಲ್ಪದರಲ್ಲೇ ಕೈಬಿಡುತ್ತದೆ.

ಟೈರಿನದು ಇನ್ನೊಂದು ಕಥೆ. ಓಡಿದ್ದು ಕಡಿಮೆ, ಗೆರೆ ಎದ್ದು ಕಾಣುತ್ತದೆ, ಆದ್ದರಿಂದ ಟೈರು ಹೊಸದು ಎಂಬ ನಂಬಿಕೆ ತಪ್ಪು. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಪಕ್ಕದಲ್ಲಿ ಬಿರುಕು ಕಂಡರೆ, ಗೆರೆ 1.6 ಮಿಲಿಮೀಟರಿಗಿಂತ ಸವೆದಿದ್ದರೆ ಅದನ್ನು ಹೆದ್ದಾರಿಗೆ ಒಯ್ಯಬಾರದು. ಹುನಗುಂದ, ಇಳಕಲ್ಲ ಹಾಯ್ದು ಹೋಗುವ 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಈಗ ನಾಲ್ಕು ಪಥದ್ದು. ಊರ ದಾರಿಯಲ್ಲಿ ನಲವತ್ತರಲ್ಲಿ ಓಡುತ್ತಿದ್ದ ಮುದಿ ಗಾಡಿ ಅಲ್ಲಿ ತೊಂಬತ್ತು ಮುಟ್ಟುತ್ತದೆ. ಮೇಲೆ ಬೇಸಿಗೆಯ ಬಿಸಿಲು, ಒಳಗೆ ಲೆಕ್ಕ ಮೀರಿದ ಮಂದಿ, ಮೇಲಿನ ಕ್ಯಾರಿಯರಿನಲ್ಲಿ ಗಂಟು. ಟೈರು ಸಿಡಿಯಲು ಮತ್ತೇನು ಬೇಕು? ಸ್ಟೆಪ್ನಿಗೂ ಗಾಳಿ ಇರಲಿ. ಜಾಕು, ಗಾಲಿ ಬಿಚ್ಚುವ ಪಾನಾ ಗಾಡಿಯಲ್ಲೇ ಇವೆಯೋ ಮನೆಯ ಅಟ್ಟದ ಮೇಲಿವೆಯೋ ನೋಡಿಕೊಳ್ಳಬೇಕು.

ರೇಡಿಯೇಟರಿಗೆ ಬೋರಿನ ನೀರು ಸುರಿಯುವುದು ಈ ಭಾಗದ ರೂಢಿ. ಆ ಗಡಸು ನೀರು ಚಹಾದ ಪಾತ್ರೆಗೆ ಬಿಳಿ ಪೊರೆ ಕಟ್ಟುವಂತೆ ರೇಡಿಯೇಟರಿನ ಸಣ್ಣ ನಳಿಗೆಗಳಿಗೂ ಕಟ್ಟುತ್ತದೆ. ಸಂತೆಗೆ ಹೋಗಿ ಬರುವವರೆಗೆ ಏನೂ ಗೊತ್ತಾಗದು. ನೂರು ಕಿಲೋಮೀಟರ್ ಆದ ಮೇಲೆ ಹೊಗೆ ಏಳುತ್ತದೆ. ಒಳಗೆ ತೊಳೆಸಿ ಕೂಲಂಟ್ ಹಾಕಿಸಿ, ರಬ್ಬರ್ ಪೈಪು, ಫ್ಯಾನ್ ಬೆಲ್ಟು ನೋಡಿಸಿದರೆ ಈ ತಾಪತ್ರಯ ತಪ್ಪುತ್ತದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳ ಅವಸರದಿಂದ ತೆಗೆದು ಮುಖ ಸುಟ್ಟುಕೊಳ್ಳುವುದು ಬೇಡ. ತಣ್ಣಗಾಗುವವರೆಗೆ ಗಿಡದ ನೆರಳಿನಲ್ಲಿ ಕುಳಿತರೆ ಯಾರ ಗಂಟೂ ಹೋಗುವುದಿಲ್ಲ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದನ್ನು ಯಾವಾಗ ಬದಲಿಸಿದ್ದೆಂದು ಕೇಳಿಕೊಳ್ಳಲೇಬೇಕು. ದಾರಿಯಲ್ಲಿ ಅದು ಹರಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ.

ಟಾಕಿಯಲ್ಲಿ ಕಬ್ಬು

ಈಚಿನ ಒಂದು ಬದಲಾವಣೆ ಹಳೆ ಗಾಡಿಯವರ ಗಮನಕ್ಕೆ ಬಂದಂತಿಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥನಾಲಿಗೆ ಕಬ್ಬೂ ಒಂದು ಮೂಲ. ಮುಧೋಳ, ಜಮಖಂಡಿ, ಬೀಳಗಿ ಕಡೆಯ ರೈತನಿಗೆ ಅದರಿಂದ ನಾಲ್ಕು ಕಾಸು ಬಂದರೆ ಸಂತೋಷವೇ. ಆದರೆ ಹಳೆಯ ಕಾರುಗಳ ಪೆಟ್ರೋಲ್ ಪೈಪು, ವಾಷರು, ಕಾರ್ಬೊರೇಟರಿನ ರಬ್ಬರು ಈ ಮಿಶ್ರಣಕ್ಕಾಗಿ ಮಾಡಿದ್ದಲ್ಲ. ದಿನ ಕಳೆದಂತೆ ಅವು ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಗಾಡಿಯ ಟಾಕಿಯಲ್ಲಿ ತುಕ್ಕು ಹಿಡಿಯುತ್ತದೆ, ಕಸ ಕೂಡುತ್ತದೆ.

ಆದ್ದರಿಂದ ದೂರ ಹೊರಡುವ ಮೊದಲು ಪೆಟ್ರೋಲ್ ಪೈಪುಗಳನ್ನು ಈ ಮಿಶ್ರಣ ತಾಳುವಂಥವಕ್ಕೆ ಬದಲಿಸಿ ಫಿಲ್ಟರು ಹೊಸದು ಹಾಕಿಸುವುದು ಲೇಸು. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಣದ ಲೆಕ್ಕ ಹಾಗೆ ಹಾಕಿಕೊಳ್ಳಬೇಕು. ಗಾಡಿಯೊಳಗೆ ಪೆಟ್ರೋಲಿನ ವಾಸನೆ ಬಂದರೆ "ಹಳೇ ಗಾಡಿ, ಬರತೈತಿ" ಎಂದು ಸುಮ್ಮನಿರದೆ ಕೂಡಲೇ ನಿಲ್ಲಿಸಿ ಎಲ್ಲರನ್ನೂ ಇಳಿಸಬೇಕು.

ಕತ್ತಲಲ್ಲಿ ಟ್ರ್ಯಾಲಿ

ಗಾಡಿ ಸರಿ ಇದ್ದರೂ ದಾರಿ ಸರಿ ಇರಬೇಕಲ್ಲ? ಕಬ್ಬು ನುರಿಸುವ ಹಂಗಾಮಿನಲ್ಲಿ ಜಿಲ್ಲೆಯ ರಸ್ತೆಗಳ ತುಂಬ ಟ್ರ್ಯಾಕ್ಟರು. ಒಂದರ ಹಿಂದೆ ಎರಡು ಟ್ರ್ಯಾಲಿ, ಹಿಂದೆ ದೀಪವಿಲ್ಲ, ಮಿಂಚುವ ಪಟ್ಟಿಯಿಲ್ಲ. ಹಳೆಯ ಕಾರಿನ ಹೆಡ್‌ಲೈಟೋ ಮಂಕಾಗಿ ಹಳದಿಗಟ್ಟಿರುತ್ತದೆ. ಇಬ್ಬರದೂ ಅರ್ಧ ತಪ್ಪು, ಸಾವು ಮಾತ್ರ ಪೂರ್ತಿ. ನಸುಕಿನ ನಾಲ್ಕಕ್ಕೆ ಹೊರಟು ರಾತ್ರಿಯಿಡೀ ಓಡಿಸಿ ಮರಳುವ ಹಟ ಬಿಟ್ಟು ಹಗಲಲ್ಲೇ ಓಡಿಸುವುದು, ಎರಡು ತಾಸಿಗೊಮ್ಮೆ ನಿಲ್ಲಿಸಿ ಚಾಲಕನಿಗೆ ಚಹಾ ಕೊಡಿಸುವುದು ಬುದ್ಧಿವಂತಿಕೆ. ಒಕ್ಕಲು ದಿನಗಳಲ್ಲಿ ರಸ್ತೆಯ ಮೇಲೆ ಹರವಿದ ಹೊಟ್ಟು, ಕಣಿಕೆಯ ಮೇಲೆ ಗಾಡಿ ಓಡಿಸಿದರೆ ಅದು ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತುವ ಅಪಾಯವೂ ಉಂಟು.

ಕಾಗದಪತ್ರದ ಮಾತೂ ಇದೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಎಂದು ಆದೇಶವಾಯಿತು. ಬಡ ಮಾಲೀಕನಿಗೆ ಇದು ಹೊರೆಯೇ ಸರಿ. ಆದರೆ ಕಾಗದಕ್ಕೆ ಇಷ್ಟು ಕಟ್ಟಿದವನು ಬ್ರೇಕಿಗೆ ಜಿಪುಣತನ ತೋರಿಸುವುದು ಯಾವ ನ್ಯಾಯ? ವಿಮೆ ಮುಗಿದಿದ್ದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ. ದಂಡಕ್ಕಿಂತ ದೊಡ್ಡದು, ಎದುರಿನವನ ಪ್ರಾಣಕ್ಕೆ ಕೊಡಬೇಕಾದ ಪರಿಹಾರ ಮಾಲೀಕನ ಹೊಲ-ಮನೆಯ ಮೇಲೆ ಬರುತ್ತದೆ. ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಮಂದಿ ಒಯ್ಯುವವರು ತಿಳಿದಿರಲಿ: ಅಂಥ ಪ್ರಯಾಣಕ್ಕೆ ಖಾಸಗಿ ವಿಮೆ ಅನ್ವಯಿಸುವುದಿಲ್ಲ.

ಆಗಬೇಕಾದದ್ದೇನು?

ಎಲ್ಲವನ್ನೂ ಮಾಲೀಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಬಾಗಲಕೋಟೆಯ ಪ್ರಾದೇಶಿಕ ಸಾರಿಗೆ ಕಚೇರಿಯವರು ಯುಗಾದಿಯ ಶ್ರೀಶೈಲ ಯಾತ್ರೆಗೆ ಮುನ್ನ ಮತ್ತು ಬೇಸಿಗೆ ರಜೆಗೆ ಮುನ್ನ ಬೇವೂರಿನಲ್ಲಿ ಒಂದೊಂದು ದಿನ ಉಚಿತ ತಪಾಸಣೆ ಶಿಬಿರ ನಡೆಸಬಹುದು. ಷರತ್ತು ಒಂದೇ: ಆ ದಿನ ದಂಡದ ಪುಸ್ತಕ ಕಚೇರಿಯಲ್ಲೇ ಇರಬೇಕು, ಇಲ್ಲವಾದರೆ ಒಂದು ಗಾಡಿಯೂ ಬಾರದು. ಗ್ರಾಮ ಪಂಚಾಯತಿ ಜಾಗ ಕೊಡಲಿ. 1963ರಿಂದ ಬಾಗಲಕೋಟೆಯಲ್ಲಿ ನಡೆಯುತ್ತಿರುವ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಐಟಿಐ ಹುಡುಗರು ಊರಿನ ಮಿಸ್ತ್ರಿಗಳ ಜೊತೆ ನಿಂತು ಟೈರಿನ ಅಂಕಿ ಓದಲಿ, ಬ್ರೇಕ್ ಆಯಿಲ್ ನೋಡಲಿ. ಹುಡುಗರಿಗೆ ಪುಸ್ತಕದಲ್ಲಿಲ್ಲದ ಪಾಠ, ಮಿಸ್ತ್ರಿಗೆ ನಾಲ್ಕು ಗಿರಾಕಿ, ಮಾಲೀಕನಿಗೆ ನೆಮ್ಮದಿ. ಸಕ್ಕರೆ ಕಾರ್ಖಾನೆಗಳು ತಮ್ಮ ಗೇಟು ದಾಟುವ ಪ್ರತಿ ಟ್ರ್ಯಾಲಿಗೂ ಮಿಂಚುವ ಪಟ್ಟಿ ಹಚ್ಚಿಯೇ ಬಿಡಬೇಕು. ಪಟ್ಟಿಯ ಬೆಲೆ ಕಬ್ಬಿನ ಒಂದು ಹೊರೆಗಿಂತ ಹೆಚ್ಚೇನೂ ಇರಲಾರದು.

ಅಂಗಡಿಕಾರರೂ ಒಂದು ಉಪಕಾರ ಮಾಡಬಹುದು. ಪೊಲೀಸ್ ಮತ್ತಿತರ ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಈ ಮೂರು ನಂಬರನ್ನು ಅಂಗಡಿಯ ಗೋಡೆಗೆ ದೊಡ್ಡದಾಗಿ ಬರೆಸಿದರೆ, ದಾರಿಯ ಸಾಮಾನು ಕೊಳ್ಳಲು ಬಂದವರ ಕಣ್ಣಿಗೆ ಬೀಳುತ್ತದೆ.

ಸಾರಿಗೆ ಅಧಿಕಾರಿಗಳು, ಕಾರ್ಖಾನೆಯವರು, ಪಂಚಾಯತಿಯವರು ಇತ್ತ ಲಕ್ಷ್ಯ ಕೊಡುವರೇ? ಅವರು ಕೊಡುವವರೆಗೆ ಕಾಯದೆ ಮಾಲೀಕರು ಗ್ಯಾರೇಜಿನ ಹಾದಿ ಹಿಡಿಯಲಿ. ಗಾಡಿ ಹಳೆಯದಿದ್ದರೆ ನಾಚಿಕೆಯಿಲ್ಲ. ಹೋದ ಮಂದಿ ಹೋದಂಗ ತಿರುಗಿ ಮನಿಗೆ ಬರಬೇಕು, ಅಷ್ಟ ಸಾಕು.