ಸಂಪಾದಕರ ಮಾತು: ಐಕ್ಳ ಮೈ, ಊರ ಬಾಯಿ

ಕಳೆದ ಸಂಚಿಕೆಯಲ್ಲಿ 'ಗುಡ್ಲು' ಕತೆಯನ್ನು ಅಚ್ಚು ಹಾಕಿದ ಮೇಲೆ ಮಿರ್ಲೆಯ ನಮ್ಮ ವಿಳಾಸಕ್ಕೆ ಬಂದಷ್ಟು ಬೈಗುಳದ ಕಾಗದಗಳು ಈ ಪತ್ರಿಕೆ ಹುಟ್ಟಿದಂದಿನಿಂದ ಬಂದಿರಲಿಲ್ಲ. ಬರೆದವಳು ಮೊದಲ ಪಿಯುಸಿ ಓದುವ ಹುಡುಗಿ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಚಂದಾ ವಾಪಸು ಕೇಳಿದ್ದಾರೆ. ಮೈಸೂರಿನ ಸಹ ಪತ್ರಿಕೆಯೊಂದು ಎರಡು ಪುಟ ಸಂಪಾದಕೀಯ ಬರೆದು, ನಾವು ಹಳ್ಳಿಯ ಸೊಗಡಿಗೆ ಮಸಿ ಬಳಿದೆವು ಎಂದಿದೆ. ಮೈಬಣ್ಣ, ಗಾತ್ರ, ಎತ್ತರದ ಬಗ್ಗೆ ಹುಡುಗ ಹುಡುಗಿಯರು ಕೊರಗುವುದು ಪಟ್ಟಣದ ಕಾಯಿಲೆ, ಮೊಬೈಲು ತಂದದ್ದು, ಹಳ್ಳಿಯಲ್ಲಿ ಕರಿಯ, ಕುಳ್ಳ, ಡುಮ್ಮಿ ಎಂದು ಕರೆಯುವುದು ಬರೀ ಸಲುಗೆ ಎಂಬುದು ಅವರ ವಾದ. ಉತ್ತರ ಕೊಡದೆ ಸುಮ್ಮನಿದ್ದರೆ ಆ ಹುಡುಗಿಗೆ ದ್ರೋಹ ಮಾಡಿದ ಹಾಗೆ.

ಕತೆ ಓದದವರಿಗಾಗಿ ಎರಡು ಮಾತು. ಏಳನೇ ತರಗತಿಯ ಹುಡುಗಿ ದೊಡ್ಡವಳಾಗುತ್ತಾಳೆ. ಸೋದರಮಾವ ಹಸಿ ಸೊಪ್ಪು ಕಡಿದು ತಂದು ಮನೆ ಮುಂದೆ ಅವಳನ್ನು ಕೂರಿಸಲು ಗುಡ್ಲು ಹಾಕುತ್ತಾನೆ. ಕೊಬ್ಬರಿ, ಬೆಲ್ಲ, ಚಿಗಳಿ, ತುಪ್ಪ ತಿನ್ನಿಸುತ್ತಾರೆ. ಸಂಜೆಯಾದರೆ ಹೆಂಗಸರು ಬಂದು ಸೋಬಾನೆ ಹಾಡುತ್ತಾರೆ. ಬೆಳಿಗ್ಗೆ ಅದೇ ರಸ್ತೆಯಲ್ಲಿ ಅವಳ ತರಗತಿಯ ಹುಡುಗರು ಬ್ಯಾಗು ತಗುಲಿಸಿಕೊಂಡು ಹೋಗುತ್ತಾರೆ. ಸೊಪ್ಪಿನ ಸಂದಿಯಿಂದ ಅವಳು ಅವರನ್ನು ನೋಡುತ್ತಾಳೆ, ಅವರೂ ಗುಡ್ಲನ್ನು ನೋಡುತ್ತಾರೆ. ಒಸಗೆಯ ದಿನ ಲೈಟುಕಂಬಕ್ಕೆ ಅವಳ ಫೋಟೋದ ಫ್ಲೆಕ್ಸು ಕಟ್ಟುತ್ತಾರೆ. ಸ್ಟುಡಿಯೋದವನು ಅವಳ ಮುಖವನ್ನು ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗೆ ಮಾಡಿದ್ದಾನೆ. ಮೊಣಕೈಯನ್ನು ಮಾತ್ರ ಮರೆತಿದ್ದಾನೆ, ಅದು ಇದ್ದ ಬಣ್ಣದಲ್ಲೇ ಇದೆ. ಶಾಲೆಗೆ ವಾಪಸು ಹೋದ ದಿನ ಹಿಂದಿನ ಬೆಂಚಿನ ಹುಡುಗ ಕೇಳುತ್ತಾನೆ, 'ಫ್ಲೆಕ್ಸಲ್ಲಿ ಬೆಳ್ಳಗಿದ್ದೆ, ಇಲ್ಯಾಕೆ ಇಂಗಿದ್ದೀಯ?' ಕತೆ ಅಲ್ಲಿಗೆ ನಿಲ್ಲುತ್ತದೆ.

ಆ ಮೊಣಕೈಯನ್ನು ಕಂಡ ಕಣ್ಣಿಗೆ ನಾನು ತಲೆಬಾಗುತ್ತೇನೆ. ಇದರಲ್ಲಿ ಮೊಬೈಲು ಎಲ್ಲಿ ಬಂತು? ಗುಡ್ಲು ಹಾಕಿದ್ದು ಮಾವ, ಹಾಡಿದ್ದು ಅತ್ತೆ ಅಜ್ಜಿಯರು, ಫ್ಲೆಕ್ಸಿಗೆ ದುಡ್ಡು ಕೊಟ್ಟದ್ದು ಅಪ್ಪ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು, ಅದನ್ನು ಹುಡುಗಿಯೂ ಬರೆದಿದ್ದಾಳೆ. ಆದರೆ ಹದಿಮೂರು ವರ್ಷದ ಕೂಸಿನ ಮೈಯೊಳಗೆ ನಡೆದದ್ದನ್ನು ಇಡೀ ಬೀದಿಗೆ ಸಾರುವ ಮುಂಚೆ 'ನಿಂಗೆ ಒಪ್ಗೆನವ್ವ?' ಎಂದು ಕೇಳಿದವರು ಒಬ್ಬರೂ ಇಲ್ಲ.

ಜಾನಪದದ ಹೆಸರಿನಲ್ಲಿ ನಮ್ಮ ಮೇಲೆ ಹರಿಹಾಯ್ದವರಿಗೆ ಹೇಳುತ್ತೇನೆ. ಸೋಬಾನೆ ಪದಗಳ ಮೇಲೆ ನನಗಿರುವ ಮೋಹ ನಿಮಗಿಂತ ಕಡಿಮೆಯದಲ್ಲ. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅಂಥವರ ದುಡಿಮೆಯಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಎದ್ದು ನಿಂತಿತು. ಅದಾಗದಿದ್ದರೆ ಎಷ್ಟೋ ವಸ್ತು, ಎಷ್ಟೋ ಹಾಡು ಮಣ್ಣುಪಾಲಾಗುತ್ತಿದ್ದವು. ಅವರ ಋಣ ನನ್ನ ಮೇಲಿದೆ. ನನ್ನ ಜಗಳ ಅವರ ನಂತರ ಬಂದವರ ಜೊತೆ. ಹಾಡನ್ನು ಬರೆದುಕೊಂಡರು, ಹಾಡಿದ ಅಜ್ಜಿಯ ಊರು ವಯಸ್ಸು ಬರೆದುಕೊಂಡರು, ಗುಡ್ಲಿಗೆ ಯಾವ ಸೊಪ್ಪು ಎಂಬುದನ್ನೂ ಬರೆದುಕೊಂಡರು. ಒಳಗೆ ಕೂತವಳನ್ನು ಮಾತಾಡಿಸಲಿಲ್ಲ. ನಾನು ಓದಿದ ಒಸಗೆಯ ಪ್ರಬಂಧಗಳಲ್ಲೆಲ್ಲ ಅವಳೊಂದು ಆಚರಣೆ. ಅವಳಿಗೆ ಹೊಟ್ಟೆನೋವು ಇತ್ತೇ, ನಾಚಿಕೆಯಾಗಿತ್ತೇ, ಆ ವಾರ ಗಣಿತದ ಪರೀಕ್ಷೆ ತಪ್ಪಿತೇ ಎಂದು ಒಂದು ಸಾಲು ಕಾಣಲಿಲ್ಲ. ಈಗ ಅವಳೇ ಪೆನ್ನು ಹಿಡಿದು ಬರೆದಾಗ 'ಸೊಗಡು ಕೆಟ್ಟಿತು' ಎನ್ನುತ್ತೀರಿ.

ಸಲುಗೆಯ ಮಾತಿಗೆ ಬರುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಿ.ಟಿ. ಮೇಷ್ಟ್ರು ಸಾಲು ನಿಲ್ಲಿಸುವಾಗ ನನ್ನನ್ನು 'ಏಯ್ ಬಸುರಿ' ಎಂದು ಕರೆಯುತ್ತಿದ್ದರು. ಮೈ ಸ್ವಲ್ಪ ದಪ್ಪಗಿತ್ತು. ಐವತ್ತು ಹುಡುಗರು ನಗುತ್ತಿದ್ದರು. ನಾನೂ ನಕ್ಕೆ, ನಗದಿದ್ದರೆ ಇನ್ನೂ ಕರೆಯುತ್ತಾರೆ ಎಂದು. ಎರಡು ವರ್ಷ ಮಧ್ಯಾಹ್ನದ ಮುದ್ದೆಯಲ್ಲಿ ಅರ್ಧ ಎತ್ತಿ ನಾಯಿಗೆ ಹಾಕಿದ್ದೇನೆ. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಆಗ ನಮ್ಮೂರಲ್ಲಿ ಮೊಬೈಲಿರಲಿ, ಪಂಚಾಯ್ತಿ ಆಫೀಸು ಬಿಟ್ಟರೆ ಫೋನೇ ಇರಲಿಲ್ಲ.

ಬಣ್ಣದ ಕತೆಯೂ ಅದೇ. ಮುಖ ಬೆಳ್ಳಗೆ ಮಾಡುವ 'ಫೇರ್ ಅಂಡ್ ಲವ್ಲಿ' ಕ್ರೀಮು ಇಂಡಿಯಾದ ಅಂಗಡಿಗೆ ಬಂದದ್ದು 1975ರಲ್ಲಿ. ಟೀಕೆ ಜೋರಾದ ಮೇಲೆ 2020ರಲ್ಲಿ ಕಂಪನಿಯವರು ಅದರ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಮಾಡಿದರು. ನಮ್ಮ ಅಂಗಡಿಗಳಲ್ಲಿ ಬೀಡಿ ಕಟ್ಟು, ಶಾಂಪೂ ಪೊಟ್ಟಣದ ಪಕ್ಕದಲ್ಲೇ ಅದರ ಸರ ತೂಗುತ್ತದೆ, ಹುಡುಗಿಯರು ಇವತ್ತಿಗೂ ಹಳೇ ಹೆಸರಲ್ಲೇ ಕೇಳುತ್ತಾರೆ. ಹೆಸರು ಬದಲಾದರೂ ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುತ್ತ 'ಲಕ್ಷಣವಾಗವಳೆ, ಬಣ್ಣ ವಸಿ ಕಮ್ಮಿ' ಎನ್ನುವುದು ಬದಲಾಗಿಲ್ಲ. ಒಳಮನೆಯಲ್ಲಿ ಕೂತ ಒಂಬತ್ತನೇ ತರಗತಿಯ ತಂಗಿ ಅದನ್ನು ಕೇಳಿಸಿಕೊಳ್ಳುತ್ತಾಳೆ, ಮಾರನೇ ದಿನ ಪೊಟ್ಟಣ ಕೊಳ್ಳುತ್ತಾಳೆ. ಮೈಗಾತ್ರದ್ದೂ ಇದೇ ಕತೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಪ್ರಾಣ ಬಿಟ್ಟಳು. 'ಸ್ವಲ್ಪ ದಪ್ಪ ಇದ್ದೀಯ' ಎಂಬ ಮಾತು ಒಬ್ಬಳನ್ನು ಎಲ್ಲಿಯವರೆಗೆ ಅಟ್ಟಿಕೊಂಡು ಹೋಗಬಹುದು ಎಂದು ನಮ್ಮ ಪತ್ರಿಕೆಗಳು ಆಗಲಾದರೂ ಬರೆಯಬೇಕಿತ್ತು. ಎರಡು ದಿನ ಫೋಟೋ ಹಾಕಿ ಕೈತೊಳೆದುಕೊಂಡವು.

ಚಂದಾ ವಾಪಸು ಕೇಳಿದ ಮೇಷ್ಟ್ರ ಇನ್ನೊಂದು ದೂರು, ಕತೆಯಲ್ಲಿ 'ಹಿಂಗೆ' 'ಇಂಗೆ' ಆಗಿದೆಯಂತೆ, ಸಂಪಾದಕನಾಗಿ ತಿದ್ದಬೇಕಿತ್ತಂತೆ. ತಿದ್ದುವುದಿಲ್ಲ. ನಮ್ಮ ಯಡತೊರೆ ಸೀಮೆಯ ಬಾಯಲ್ಲಿ ಹಕಾರ ಬೀಳುತ್ತದೆ, ಹಾಲು ಆಲಾಗುತ್ತದೆ. ಇಲ್ಲಿಂದ ಮೈಸೂರಿನ ಕಾಲೇಜಿಗೆ ಹೋದ ಎಷ್ಟೋ ಹುಡುಗರು ಮೊದಲ ವಾರವೇ ಬಾಯಿ ಮುಚ್ಚಿಕೊಂಡವರು ಮೂರು ವರ್ಷ ತೆರೆದಿಲ್ಲ. ಸೆಮಿನಾರಿನಲ್ಲಿ ಎದ್ದು ನಿಂತು 'ಅರಿಶ್ಚಂದ್ರ' ಎಂದದ್ದಕ್ಕೆ ತರಗತಿ ನಕ್ಕಿತೆಂದು ಕಾಲೇಜನ್ನೇ ಬಿಟ್ಟ ಹುಡುಗನನ್ನು ನಾನು ಬಲ್ಲೆ. ಬುದ್ಧಿವಂತ. ಈಗ ಹುಣಸೂರಿನ ಹತ್ತಿರ ಟ್ರ್ಯಾಕ್ಟರ್ ಓಡಿಸುತ್ತಾನೆ. ಹಕಾರ ಇಟ್ಟುಕೊಂಡು ಹುಡುಗನನ್ನು ಬಿಡುವ ಕನ್ನಡ ನನಗೆ ಬೇಡ.

ನಮ್ಮವರೇ ಹೀಗೆ ಕುಗ್ಗುವಾಗ ಹೆಗ್ಗಡದೇವನಕೋಟೆಯ ಹಾಡಿಗಳಿಂದ ಬರುವ ಜೇನುಕುರುಬರ ಮಕ್ಕಳ ಗತಿ ಏನು? ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವ ಸಮುದಾಯಗಳು ಕರ್ನಾಟಕದಲ್ಲಿ ಎರಡೇ, ಕೊರಗರು ಮತ್ತು ಜೇನುಕುರುಬರು. ಆಶ್ರಮ ಶಾಲೆಯಲ್ಲಿ ತಮ್ಮವರ ನಡುವೆ ಓದಿದ ಮಕ್ಕಳು ಊರಿನ ಹೈಸ್ಕೂಲಿಗೆ ಬರುವುದು ಸರಿಯಾಗಿ ಹದಿಮೂರು ಹದಿನಾಲ್ಕರ ವಯಸ್ಸಿಗೆ. ಅಲ್ಲಿ ಗುಂಗುರು ಕೂದಲಿಗೊಂದು ಹೆಸರು, ಬಣ್ಣಕ್ಕೊಂದು ಹೆಸರು, ಮಾತಿಗೊಂದು ಹೆಸರು. ನಮ್ಮ ಸಿನಿಮಾದವರು ಬೆಳ್ಳಗಿನ ನಟರ ಮುಖಕ್ಕೆ ಮಸಿ ಬಳಿದು, ಸೊಪ್ಪು ಸುತ್ತಿ 'ಕಾಡು ಜನ' ಮಾಡಿ ಕುಣಿಸಿದ್ದನ್ನೇ ನೋಡಿ ಬೆಳೆದ ಸಹಪಾಠಿಗಳು ಅವರನ್ನೂ ಹಾಗೇ ಕುಣಿ ಎನ್ನುತ್ತಾರೆ. ಆಮೇಲೆ ನಾವು 'ಹಾಡಿ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ವರದಿ ಬರೆಯುತ್ತೇವೆ.

ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲ ಪತ್ರಿಕೆಗಳೂ ಅವರ ಚಿತ್ರ ಹಾಕಿದವು. ಸಂತೋಷ. ಹುಡುಗನಾಗಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತನ್ನೊಳಗಿನ ಹೆಣ್ಣನ್ನು ಕಂಡುಕೊಂಡು, ಅದಕ್ಕಾಗಿ ಸಾಯುವಷ್ಟು ನೊಂದ ಜೀವ ಅದು. ಅದೇ ಪತ್ರಿಕೆಗಳ ನಗೆಹನಿ ಅಂಕಣದಲ್ಲಿ 'ಹೆಣ್ಣಿಗ' ಇನ್ನೂ ನಗೆಯ ಸರಕು. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಮೆಲ್ಲಗೆ ನಡೆಯುವ ಹುಡುಗನನ್ನೇ ಹುಡುಕಿ ಸೀರೆ ಉಡಿಸಿ, ಊರೆಲ್ಲ ಸಿಳ್ಳೆ ಹೊಡೆಯುವುದೂ ನಿಂತಿಲ್ಲ.

'ಇದೆಲ್ಲ ಸಣ್ಣ ವಿಷಯ, ಯಾರೂ ಸತ್ತಿಲ್ಲ' ಎಂದು ಒಬ್ಬ ಓದುಗರು ಬರೆದಿದ್ದಾರೆ. ಸತ್ತಿದ್ದಾರೆ. 2022ರ ಜೂನ್‌ನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಪಿಯುಸಿ ಓದುತ್ತಿದ್ದ 17 ವರ್ಷದ ಹುಡುಗಿಯನ್ನು ಹೆತ್ತ ತಂದೆಯೇ ಕೊಂದು ಪೊಲೀಸ್ ಠಾಣೆಗೆ ಹೋಗಿ ಶರಣಾದ. ಅವಳು ದಲಿತ ಹುಡುಗನನ್ನು ಪ್ರೀತಿಸಿದ್ದಳು. ಅಡ್ಡಹೆಸರಿಗೂ ಕೊಲೆಗೂ ಏನು ಸಂಬಂಧ ಎಂದು ಕೇಳಬಹುದು. ಮಗಳ ಮೈ ಅವಳದಲ್ಲ, ಮನೆತನದ್ದು, ಜಾತಿಯದು, ಊರಿನದು ಎಂದು ಅವಳು ದೊಡ್ಡವಳಾದ ದಿನದಿಂದ ಹೇಳಿಕೊಡುತ್ತ ಬಂದವರು ನಾವು. ಆ ಪಾಠದ ಮೊದಲ ಪುಟದಲ್ಲಿ ಕರಿಯ, ಕುಳ್ಳ, ಡುಮ್ಮಿ ಇದ್ದರೆ ಕೊನೆಯ ಪುಟದಲ್ಲಿ ಆ ಹುಡುಗಿ ಇದ್ದಾಳೆ. ಅವಳ ಬಗ್ಗೆ ಆಗ ನಮ್ಮ ಪತ್ರಿಕೆಯೂ ಒಂದಕ್ಷರ ಬರೆಯಲಿಲ್ಲ. ಅದು ನನ್ನ ತಪ್ಪು, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಮಕ್ಕಳ ಜೊತೆ ಮಾತಾಡುವ ದಾರಿಗಳನ್ನೂ ನಾವೇ ಮುಚ್ಚಿದ್ದೇವೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ಆಪ್ತಸಮಾಲೋಚಕರು ಕೂರುತ್ತಾರೆ. ಆದರೆ ಅದರ ಬಾಗಿಲಿಗೆ ಹೋದ ಹುಡುಗಿಯನ್ನು ಪರಿಚಯದವರು ಕಂಡರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿರುತ್ತದೆ. ಹಾಗಿರುವಾಗ ಅವಳು ತನ್ನ ಪ್ರಶ್ನೆಯನ್ನು ಮೊಬೈಲಿಗೆ ಕೇಳದೆ ಇನ್ಯಾರಿಗೆ ಕೇಳಬೇಕು?

ಅದಕ್ಕೇ ಈ ಸಂಚಿಕೆ 'ಹದಿಹರೆಯ' ವಿಶೇಷ, ನನ್ನನ್ನು ಬಿಟ್ಟರೆ ಬರೆದವರಲ್ಲಿ ಇಪ್ಪತ್ತು ದಾಟಿದವರು ಯಾರೂ ಇಲ್ಲ.

'ಗುಡ್ಲು' ಬರೆದ ಹುಡುಗಿಗೆ ಬಂದ ಕಾಗದಗಳನ್ನು ಅವಳಿಗೆ ತೋರಿಸಬೇಕೋ ಬೇಡವೋ ಎಂದು ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಫೋನು ಮಾಡಿ ಕೇಳಿದೆ. 'ಕಳ್ಸಿ ಅಣ್ಣ, ಓದ್ತೀನಿ' ಎಂದಳು. ಕಳಿಸಿದೆ. ಹದಿನೈದು ದಿನಕ್ಕೆ ಇನ್ನೊಂದು ಕತೆ ಬಂತು. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಅಪ್ಪನ ಜೊತೆ ರಾತ್ರಿಯೆಲ್ಲ ಬೆಂಕಿ ಕಾಯುವ ಹುಡುಗಿಯ ಕತೆ. ನಡುರಾತ್ರಿ ಸೌದೆ ಒಟ್ಟುತ್ತ ಅಪ್ಪ ಮೊದಲ ಸಲ ಅವಳನ್ನು ಕೇಳುತ್ತಾನೆ, 'ಆವಾಗ ಗುಡ್ಲಲ್ಲಿ ಕೂತಿದ್ದಾಗ ನಿಂಗೆ ಏನನ್ನುಸ್ತು ಕೂಸೆ?' ಇದೇ ಸಂಚಿಕೆಯಲ್ಲಿದೆ, ಒಂದಕ್ಷರವನ್ನೂ ತಿದ್ದಿಲ್ಲ.